ಚಿಹ್ನೆಗಳ ಗೂಢಲಿಪಿಯನ್ನು ಬಿಡಿಸುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಒಗಟಿನ ರೂಪದಲ್ಲಿ ಬರುವ ಗೂಢಲಿಪಿಗಳ ಬಗ್ಗೆ ಪತ್ರಗಳಲ್ಲಿ, ಮಾತುಕತೆಯಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಹೊಸಬರಿಗೆ ಬೇಕಾದವು ಮೊದಲು, ಕೈ ಪಳಗಿದವರಿಗೆ ಬೇಕಾದವು ಕೊನೆಗೆ ಬರುತ್ತವೆ. ಪ್ರತಿಯೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಹೆಜ್ಜೆಗೆ ಮುನ್ನ

ಚಿಹ್ನೆ ಬದಲಿ ಗೂಢಲಿಪಿ ಎಂದರೆ ನಿಜವಾಗಿ ಏನು?

ಮೂಲ ಬರಹದ ಪ್ರತಿಯೊಂದು ಅಕ್ಷರಕ್ಕೂ ಒಂದು ಚಿಹ್ನೆಯನ್ನು ಗೊತ್ತುಮಾಡಿಕೊಂಡು, ಆ ಅಕ್ಷರ ಬಂದಲ್ಲೆಲ್ಲ ಅದೇ ಚಿಹ್ನೆಯನ್ನು ಬರೆಯುತ್ತ ಹೋದರೆ ಸಿಗುವುದೇ ಸರಳ ಬದಲಿ ಗೂಢಲಿಪಿ. ಯಾವ ಅಕ್ಷರಕ್ಕೆ ಯಾವ ಚಿಹ್ನೆ ಎಂಬ ಪಟ್ಟಿಯನ್ನು ಕೀಲಿ ಎನ್ನುತ್ತಾರೆ. ಇಲ್ಲಿ ಅಕ್ಷರಗಳ ವೇಷ ಬದಲಾಗುತ್ತದೆಯೇ ಹೊರತು ಅವುಗಳ ಜಾಗ ಬದಲಾಗುವುದಿಲ್ಲ. ಅಕ್ಷರಗಳನ್ನು ಹಾಗೆಯೇ ಉಳಿಸಿ ಜಾಗವನ್ನು ಮಾತ್ರ ಕದಲಿಸುವ ಸ್ಥಾನಪಲ್ಲಟ ಬೇರೆಯೇ ಜಾತಿಯ ಒಗಟು. ಜೂಲಿಯಸ್ ಸೀಸರ್ ತನ್ನ ಗುಟ್ಟಿನ ಪತ್ರಗಳಲ್ಲಿ ಪ್ರತಿ ಅಕ್ಷರದ ಬದಲು ಅದರಿಂದ 3 ಸ್ಥಾನ ಮುಂದಿನ ಅಕ್ಷರವನ್ನು ಬರೆಯುತ್ತಿದ್ದನೆಂದು ರೋಮನ್ ಲೇಖಕ ಸ್ವೆಟೋನಿಯಸ್ ದಾಖಲಿಸಿದ್ದಾನೆ. ಬದಲಿ ಗೂಢಲಿಪಿಯ ಅತಿ ಸರಳ ರೂಪ ಅದು. ಪ್ರಾಚೀನ ಭಾರತದ 64 ಕಲೆಗಳ ಪಟ್ಟಿಯಲ್ಲಿಯೂ ಮ್ಲೇಚ್ಛಿತವಿಕಲ್ಪ ಎಂಬ ಹೆಸರಿನಲ್ಲಿ ಗುಪ್ತ ಬರವಣಿಗೆಯ ವಿದ್ಯೆ ಸೇರಿದೆ.

ಚಿಹ್ನೆಗಳು ವಿಚಿತ್ರವಾಗಿದ್ದಷ್ಟೂ ಒಗಟು ಕಠಿಣವಾಗುತ್ತದೆ ಅಲ್ಲವೇ?

ಇಲ್ಲ. ತ್ರಿಕೋನ, ನಕ್ಷತ್ರ, ಹಕ್ಕಿಯ ಚಿತ್ರ, ಹೊಸದಾಗಿ ಕಟ್ಟಿದ ಲಿಪಿ, ಇವುಗಳಲ್ಲಿ ಯಾವುದನ್ನು ಬಳಸಿದರೂ ಒಳಗಿನ ಭಾಷೆಯ ನಡೆ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಮೂಲದಲ್ಲಿ ಹತ್ತು ಸಲ ಬಂದ ಅಕ್ಷರದ ಚಿಹ್ನೆ ಹತ್ತು ಸಲವೇ ಬರುತ್ತದೆ, ಜೋಡಿಯಾಗಿ ಬಂದದ್ದು ಜೋಡಿಯಾಗಿಯೇ ಉಳಿಯುತ್ತದೆ. ವಿಚಿತ್ರ ಆಕಾರಗಳು ನೋಡುಗರನ್ನು ಹೆದರಿಸುತ್ತವೆ, ನಕಲು ಮಾಡುವಾಗ ಕೈ ತಪ್ಪಿಸುತ್ತವೆ, ಅಷ್ಟೇ.

ಆದರೆ ಕೆಲವೊಮ್ಮೆ ಆಕಾರದಲ್ಲೇ ಕ್ರಮ ಅಡಗಿರುತ್ತದೆ. 18ನೆಯ ಶತಮಾನದಲ್ಲಿ ಫ್ರೀಮೇಸನ್ನರು ಎಂಬ ಗುಟ್ಟಿನ ಸಂಘದವರು ಬಳಸಿದ ಲಿಪಿಯಲ್ಲಿ ಅಕ್ಷರಗಳನ್ನು ಒಂಬತ್ತು ಮನೆಗಳ ಚೌಕುಳಿಯಲ್ಲೂ ಗುಣಾಕಾರ ಚಿಹ್ನೆಯ ನಾಲ್ಕು ಸಂದುಗಳಲ್ಲೂ ತುಂಬಿ, ಆಯಾ ಮನೆಯನ್ನು ಸುತ್ತುವರಿದ ಗೆರೆಗಳನ್ನೇ ಚಿಹ್ನೆಯಾಗಿ ಬರೆಯುತ್ತಿದ್ದರು; ಎರಡನೆಯ ಸುತ್ತಿಗೆ ಬಂದ ಅಕ್ಷರಗಳಿಗೆ ಒಂದು ಚುಕ್ಕೆ ಸೇರುತ್ತಿತ್ತು. ಬರೀ ಮೂಲೆಗಳು, ಚೌಕಗಳು, ಚುಕ್ಕೆಗಳು ಕಂಡರೆ ಎಣಿಕೆಗೆ ಇಳಿಯುವ ಮೊದಲು ಇದನ್ನು ಪರೀಕ್ಷಿಸಿ ನೋಡುವುದು ಒಳ್ಳೆಯದು.

ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ಪ್ರಯತ್ನಿಸಿದರೆ ಆಗದೇ?

ಸೀಸರನ ಬಗೆಯಲ್ಲಿ ಆಗುತ್ತದೆ, ಏಕೆಂದರೆ ಅಲ್ಲಿ ಇಂಗ್ಲಿಷಿಗೆ ಕೇವಲ 25 ಸಾಧ್ಯತೆಗಳಿವೆ. ಅಕ್ಷರಗಳಿಗೆ ಚಿಹ್ನೆಗಳನ್ನು ಮನಬಂದಂತೆ ಹಂಚಿದಾಗ 26 ಅಕ್ಷರಗಳ ಕೀಲಿಗಳ ಸಂಖ್ಯೆ 27 ಅಂಕಿಗಳಷ್ಟು ಉದ್ದವಾಗುತ್ತದೆ. ಸೆಕೆಂಡಿಗೆ ನೂರು ಕೋಟಿ ಕೀಲಿಗಳನ್ನು ಪರೀಕ್ಷಿಸುವ ಯಂತ್ರಕ್ಕೂ ಅವೆಲ್ಲವನ್ನೂ ಮುಗಿಸಲು ಸುಮಾರು 1,280 ಕೋಟಿ ವರ್ಷ ಬೇಕು. ಹಾಗಿದ್ದೂ ಒಬ್ಬ ಮನುಷ್ಯ ಕಾಗದ, ಪೆನ್ಸಿಲ್ ಹಿಡಿದು ಒಂದು ಸಂಜೆಯಲ್ಲಿ ಇದನ್ನು ಬಿಡಿಸಬಲ್ಲನೆಂಬುದೇ ಈ ಒಗಟಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ. ಅವನು ಕೀಲಿಗಳನ್ನು ಹುಡುಕುವುದಿಲ್ಲ, ಭಾಷೆಯನ್ನು ಹುಡುಕುತ್ತಾನೆ.

ಇದನ್ನು ಬಳಸಿ ನಿಜವಾದ ಗುಟ್ಟನ್ನು ಕಾಪಾಡಬಹುದೇ?

ಬೇಡ. ಸ್ಕಾಟ್ಲೆಂಡಿನ ರಾಣಿ ಮೇರಿ ಸೆರೆಯಿಂದ ಬರೆದ ಪತ್ರಗಳು ಇಂಥದೇ ಗೂಢಲಿಪಿಯಲ್ಲಿದ್ದವು. ಅಕ್ಷರಗಳಿಗಲ್ಲದೆ ಕೆಲವು ಇಡೀ ಪದಗಳಿಗೂ ಅದರಲ್ಲಿ ಚಿಹ್ನೆಗಳಿದ್ದವು. 1586ರಲ್ಲಿ ಇಂಗ್ಲೆಂಡಿನ ಗೂಢಲಿಪಿ ತಜ್ಞ ಥಾಮಸ್ ಫೆಲಿಪ್ಪೆಸ್ ಅವುಗಳನ್ನು ಬಿಡಿಸಿದ. ಇಂಗ್ಲೆಂಡಿನ ರಾಣಿ ಎಲಿಜಬೆತಳ ಕೊಲೆಯ ಸಂಚಿಗೆ ಮೇರಿ ಸಮ್ಮತಿಸಿದಳೆಂಬುದಕ್ಕೆ ಅವೇ ಸಾಕ್ಷ್ಯವಾಗಿ, 1587ರ ಫೆಬ್ರವರಿಯಲ್ಲಿ ಮೇರಿಗೆ ಮರಣದಂಡನೆಯಾಯಿತು.

## ಕೆಲಸಕ್ಕೆ ಕುಳಿತಾಗ

ಒಗಟು ಕೈಗೆ ಬಂದ ತಕ್ಷಣ ಮೊದಲು ಏನು ಮಾಡಬೇಕು?

ಊಹೆ ಮಾಡಬಾರದು, ನಕಲು ಮಾಡಬೇಕು. ಮೊದಲ ಚಿಹ್ನೆಗೆ 1, ಮುಂದೆ ಬರುವ ಹೊಸ ಚಿಹ್ನೆಗೆ 2, ಹೀಗೆ ಮೊದಲ ಸಲ ಕಂಡ ಕ್ರಮದಲ್ಲೇ ಅಂಕಿ ಕೊಡುತ್ತ ಇಡೀ ಪಠ್ಯವನ್ನು ಅಂಕಿಗಳಲ್ಲಿ ಬರೆದುಕೊಳ್ಳಿ. ಸಾಲುಗಳ ನಡುವೆ ಎರಡು ಸಾಲಿನಷ್ಟು ಜಾಗ ಬಿಡಿ, ಊಹೆಗಳು ಅಲ್ಲಿ ಪೆನ್ಸಿಲಿನಲ್ಲೇ ಬರಲಿ. ಕೈಬರಹದ ಒಗಟಿನಲ್ಲಿ ಒಂದೇ ಚಿಹ್ನೆ ಎರಡು ಬಗೆಯಾಗಿ ಕಾಣಿಸಬಹುದು, ಇಲ್ಲವೇ ಚುಕ್ಕೆಯೊಂದು ಮಾಸಿ ಎರಡು ಚಿಹ್ನೆಗಳು ಒಂದರಂತೆ ತೋರಬಹುದು. ಅನುಮಾನ ಬಂದ ಕಡೆ ಅಂಕಿಯ ಪಕ್ಕದಲ್ಲಿ ಗುರುತು ಹಾಕಿಡಿ. ಬಿಡಿಸಲಾಗದೆ ಕೈಬಿಟ್ಟ ಒಗಟುಗಳನ್ನು ಜನ ನನಗೆ ತೋರಿಸಿದಾಗ ದೋಷ ಅವರ ತರ್ಕದಲ್ಲಿ ಇರುವುದಕ್ಕಿಂತ ಈ ಮೊದಲ ನಕಲಿನಲ್ಲಿ ಇರುವುದೇ ಹೆಚ್ಚು.

ನಕಲು ಮುಗಿದಾಗ ಒಟ್ಟು ಎಷ್ಟು ಬಗೆಯ ಚಿಹ್ನೆಗಳಿವೆ ಎಂಬುದು ತಾನಾಗಿ ತಿಳಿದಿರುತ್ತದೆ. ಇಪ್ಪತ್ತರಿಂದ ಇಪ್ಪತ್ತಾರರ ಒಳಗಿದ್ದರೆ ಇಂಗ್ಲಿಷಿನ ಸರಳ ಬದಲಿ ಎಂದು ಹೊರಡಬಹುದು.

ಹೆಚ್ಚು ಸಲ ಬಂದ ಚಿಹ್ನೆಯನ್ನು ಎಣಿಸುವ ಉಪಾಯ ಯಾರದು? ಅದನ್ನು ಎಷ್ಟರಮಟ್ಟಿಗೆ ನಂಬಬಹುದು?

9ನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ವಿದ್ವಾಂಸ ಅಲ್-ಕಿಂದಿ ಬರೆದಿಟ್ಟ ವಿವರಣೆಯೇ ಇದರ ಬಗ್ಗೆ ನಮಗೆ ಸಿಕ್ಕಿರುವ ಅತಿ ಹಳೆಯ ಬರಹ. ಅದೇ ಭಾಷೆಯ ಒಂದು ಸಾಮಾನ್ಯ ಬರಹವನ್ನು ತೆಗೆದುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಬೇಕು, ಬಳಿಕ ಗೂಢಪಠ್ಯದ ಚಿಹ್ನೆಗಳನ್ನು ಎಣಿಸಬೇಕು, ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬೇಕು. ಇಂಗ್ಲಿಷಿನಲ್ಲಿ ‘ಇ’ ಅಕ್ಷರದ ಪಾಲು ಶೇ. 12.7ರಷ್ಟು, ‘ಟಿ’ ಶೇ. 9ರಷ್ಟು, ‘ಎ’ ಶೇ. 8ರಷ್ಟು, ಅವುಗಳ ಹಿಂದೆ ‘ಒ’, ‘ಐ’, ‘ಎನ್’ ಹತ್ತಿರ ಹತ್ತಿರದಲ್ಲೇ ಬರುತ್ತವೆ.

ಈ ಅಂಕಿಗಳು ದೊಡ್ಡ ಪಠ್ಯಗಳ ಸರಾಸರಿ. ಐವತ್ತು ಅಕ್ಷರಗಳ ಒಗಟಿನಲ್ಲಿ ‘ಇ’ ನಾಲ್ಕನೆಯ ಸ್ಥಾನಕ್ಕೆ ಇಳಿದಿದ್ದರೂ ಅಚ್ಚರಿಯಿಲ್ಲ. ಆದ್ದರಿಂದ ಮೊದಲ ಐದಾರು ಸ್ಥಾನಗಳಲ್ಲಿರುವ ಚಿಹ್ನೆಗಳನ್ನು ಒಂದು ಗುಂಪಾಗಿ ನೋಡಬೇಕು. ಯಾವುದು ಯಾವುದೆಂದು ಎಣಿಕೆಯೊಂದೇ ತೀರ್ಮಾನಿಸಲಾರದು.

ಪಟ್ಟಿಯ ಪ್ರಕಾರ ಅಕ್ಷರ ತುಂಬಿದೆ, ಆದರೂ ಏನೂ ಅರ್ಥವಾಗುತ್ತಿಲ್ಲ. ಎಲ್ಲಿ ತಪ್ಪಿದೆ?

ಎಣಿಕೆಯ ಪಟ್ಟಿಯನ್ನೇ ಕೀಲಿ ಎಂದು ತಿಳಿದದ್ದೇ ತಪ್ಪು. ಎಣಿಕೆ ಬಾಗಿಲು ತೆರೆಯುತ್ತದೆ, ಒಳಗಿನ ಕೆಲಸವನ್ನೆಲ್ಲ ಮಾಡುವುದು ನೆರೆಹೊರೆ. ಪ್ರತಿ ಚಿಹ್ನೆಯ ಹಿಂದೆ ಯಾವುದು ಬಂದಿದೆ, ಮುಂದೆ ಯಾವುದು ಬಂದಿದೆ ಎಂಬುದನ್ನು ಪಟ್ಟಿಮಾಡಿ. ಇಂಗ್ಲಿಷಿನಲ್ಲಿ ‘ಟಿ’ಯ ಮುಂದೆ ‘ಎಚ್’ ಬಹಳ ಸಲ ಬರುತ್ತದೆ, ‘ಎಚ್’ನ ಮುಂದೆ ‘ಟಿ’ ಬರುವುದು ಅಪರೂಪ. ಹೀಗೆ ಒಂದೇ ದಿಕ್ಕಿಗೆ ಓಡುವ ಜೋಡಿ ಸಿಕ್ಕಿ, ಅದರ ಬೆನ್ನಿಗೆ ಹೆಚ್ಚು ಬಳಕೆಯ ಚಿಹ್ನೆಯೊಂದು ನಿಂತು ಮೂರಕ್ಷರದ ಪದವಾಗಿದ್ದರೆ, ಅದು ‘ದಿ’ ಎಂಬ ಪದವಾಗಿರುವ ಸಂಭವ ಬಹಳ. ಒಂಟಿಯಾಗಿ ನಿಂತ ಚಿಹ್ನೆ ‘ಎ’ ಅಥವಾ ‘ಐ’ ಆಗಿರುತ್ತದೆ.

ಸ್ವರಗಳನ್ನು ಬೇರ್ಪಡಿಸಿದರೆ ಅರ್ಧ ಕೆಲಸ ಮುಗಿದಂತೆ. ಸ್ವರ ಬಗೆಬಗೆಯ ವ್ಯಂಜನಗಳ ಪಕ್ಕದಲ್ಲಿ ಕೂರುತ್ತದೆ, ವ್ಯಂಜನಗಳು ಹೆಚ್ಚಾಗಿ ಕೆಲವೇ ಸ್ವರಗಳಿಗೆ ಅಂಟಿಕೊಂಡಿರುತ್ತವೆ. ಸೋವಿಯತ್ ಭಾಷಾವಿಜ್ಞಾನಿ ಬೋರಿಸ್ ಸುಖೋತಿನ್ 1962ರಲ್ಲಿ ಇದನ್ನೇ ಒಂದು ಲೆಕ್ಕದ ವಿಧಾನವಾಗಿ ರೂಪಿಸಿದರು: ಮೊದಲು ಎಲ್ಲವನ್ನೂ ವ್ಯಂಜನವೆಂದು ಭಾವಿಸಿ, ನೆರೆಯ ಸಂಬಂಧಗಳ ಮೊತ್ತ ಯಾವ ಚಿಹ್ನೆಗೆ ಅತಿ ಹೆಚ್ಚೋ ಅದನ್ನು ಸ್ವರವೆಂದು ತೆಗೆದಿರಿಸಿ, ಉಳಿದವುಗಳ ಮೊತ್ತವನ್ನು ತಿದ್ದಿ, ಮತ್ತೆ ಅದನ್ನೇ ಮಾಡುತ್ತ ಹೋಗುವುದು. ಭಾಷೆ ಯಾವುದೆಂದು ತಿಳಿಯದಿದ್ದರೂ ಅದು ಸಾಕಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

## ಕನ್ನಡದ ಒಗಟುಗಳು

ಕನ್ನಡದಲ್ಲಿ ಬರೆದ ಗೂಢಲಿಪಿಗೂ ಇದೇ ವಿಧಾನ ನಡೆಯುತ್ತದೆಯೇ?

ನಡೆಯುತ್ತದೆ, ಆದರೆ ಒಂದು ಚಿಹ್ನೆ ಯಾವುದಕ್ಕೆ ಬದಲಿ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಇಡೀ ಗುಣಿತಾಕ್ಷರಕ್ಕೆ ಒಂದೊಂದು ಚಿಹ್ನೆ ಕೊಟ್ಟಿದ್ದರೆ 34 ವ್ಯಂಜನಗಳು, 13 ಸ್ವರಗಳು ಸೇರಿ 442 ರೂಪಗಳಾಗುತ್ತವೆ, ಒತ್ತಕ್ಷರಗಳು ಇನ್ನೂ ಬೇರೆ. ಅಷ್ಟು ಚಿಹ್ನೆಗಳಿರುವ ಚಿಕ್ಕ ಪಠ್ಯದಲ್ಲಿ ಬಹುಪಾಲು ಚಿಹ್ನೆಗಳು ಒಂದೆರಡು ಸಲವಷ್ಟೇ ಬಂದು, ಎಣಿಕೆಗೆ ಏನೂ ಸಿಗುವುದಿಲ್ಲ. ವರ್ಣಗಳನ್ನು ಬಿಡಿಸಿ, ಅಂದರೆ ‘ಮರ’ವನ್ನು ಮ್, ಅ, ರ್, ಅ ಎಂದು ಒಡೆದು ಪ್ರತಿ ವರ್ಣಕ್ಕೂ ಚಿಹ್ನೆ ಕೊಟ್ಟರೆ ಒಗಟು ನ್ಯಾಯವಾಗಿರುತ್ತದೆ. ಒಗಟು ಕಟ್ಟುವವರು ಈ ದಾರಿಯನ್ನೇ ಹಿಡಿಯಬೇಕೆಂಬುದು ನನ್ನ ಕೋರಿಕೆ.

ವರ್ಣಗಳಾಗಿ ಒಡೆದ ಕನ್ನಡ ಬಿಡಿಸುವವರಿಗೆ ಇಂಗ್ಲಿಷಿಗಿಂತ ಹೆಚ್ಚು ಉದಾರಿ. ಲೋಪ, ಆಗಮ ಸಂಧಿಗಳ ದೆಸೆಯಿಂದ ಒಂದು ಪದದೊಳಗೆ ಎರಡು ಸ್ವರಗಳು ಒಟ್ಟಿಗೆ ನಿಲ್ಲುವುದು ಅತಿ ವಿರಳ; ‘ಮನೆ’ಗೆ ‘ಅಲ್ಲಿ’ ಸೇರಿದಾಗ ನಡುವೆ ಯಕಾರ ಬಂದೇ ಬರುತ್ತದೆ. ಬೇರೆ ಭಾಷೆಗಳಿಂದ ಬಂದ ಕೆಲವನ್ನು ಬಿಟ್ಟರೆ ಪದಗಳು ಸ್ವರದಲ್ಲೇ ಮುಗಿಯುತ್ತವೆ, ಹಾಗಾಗಿ ಪದಗಳ ಕೊನೆಯ ಚಿಹ್ನೆಗಳನ್ನು ಒಂದು ಕಡೆ ಬರೆದರೆ ಸ್ವರಗಳ ಪಟ್ಟಿಯೇ ಸಿಕ್ಕಂತಾಗುತ್ತದೆ. ಇದರ ಮೇಲೆ ವಿಭಕ್ತಿ ಪ್ರತ್ಯಯಗಳಿವೆ: ‘ಅನ್ನು’, ‘ಅಲ್ಲಿ’, ‘ಇಂದ’, ಬಹುವಚನದ ‘ಗಳು’, ಕ್ರಿಯಾಪದದ ‘ಉತ್ತದೆ’. ಸಜಾತೀಯ ಒತ್ತಕ್ಷರಗಳು ಅವಳಿ ಚಿಹ್ನೆಗಳಾಗಿ ಎದ್ದು ಕಾಣುತ್ತವೆ. ಅನುಸ್ವಾರಕ್ಕೆ ಪ್ರತ್ಯೇಕ ಚಿಹ್ನೆಯಿದ್ದರೆ ಅದು ಸದಾ ಸ್ವರದ ಬೆನ್ನಿಗೇ ಇರುತ್ತದೆ, ಪದದ ಮೊದಲಲ್ಲಿ ಎಂದೂ ಬರುವುದಿಲ್ಲ.

ಒಂದು ಕನ್ನಡ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ತೋರಿಸುವಿರಾ?

ಐದು ಪದಗಳ ಒಂದು ಒಗಟು ಇಲ್ಲಿದೆ. ಚಿಹ್ನೆಗಳಿಗೆ ಆಗಲೇ ಅಂಕಿ ಕೊಟ್ಟು ಬರೆದಿದ್ದೇನೆ. ಓರೆಗೆರೆ ಪದಗಳ ನಡುವಿನ ಜಾಗವನ್ನು ಸೂಚಿಸುತ್ತದೆ.

1 2 3 2 4 2 / 5 6 3 2 7 2 8 8 9 / 1 2 10 10 2 7 11 / 5 12 3 9 5 2 8 8 9 / 1 12 5 11 13 2 7 11

ಒಟ್ಟು 39 ಸ್ಥಾನಗಳು, 13 ಬಗೆಯ ಚಿಹ್ನೆಗಳು. 2 ಒಂಬತ್ತು ಸಲ ಬಂದಿದೆ, ಬೇರೆ ಯಾವುದೂ ನಾಲ್ಕನ್ನು ದಾಟಿಲ್ಲ. ಮೊದಲ ಪದದಲ್ಲಿ ಅದು ಒಂದು ಬಿಟ್ಟು ಒಂದರಂತೆ ಕೂತು ಪದವನ್ನು ಮುಗಿಸಿಯೂ ಇದೆ. ಅದನ್ನು ‘ಅ’ ಎಂದು ಇಟ್ಟುಕೊಳ್ಳೋಣ. ಪದಗಳ ಕೊನೆಯಲ್ಲಿರುವ 9 ಮತ್ತು 11 ಕೂಡ ಸ್ವರಗಳಿರಬೇಕು.

ಎರಡನೆಯ ಮತ್ತು ನಾಲ್ಕನೆಯ ಪದಗಳು 2 8 8 9 ಎಂದು ಮುಗಿಯುತ್ತವೆ. ‘ಅ’ ಆದಮೇಲೆ ಒಂದು ಅವಳಿ ವ್ಯಂಜನ, ಬಳಿಕ ಒಂದು ಸ್ವರ: ಇದು ‘ಅಲ್ಲಿ’ ಆಗಬಹುದು, ‘ಅನ್ನು’ ಕೂಡ ಆಗಬಹುದು. ಇಲ್ಲಿ ಆತುರ ಬೇಡ, ಎರಡನ್ನೂ ಬರೆದಿಟ್ಟುಕೊಂಡು ಬೇರೆ ಕಡೆ ನೋಡಬೇಕು. ಮೂರನೆಯ ಮತ್ತು ಐದನೆಯ ಪದಗಳು 2 7 11 ಎಂದು ಮುಗಿಯುತ್ತವೆ. ಐದನೆಯದರ ಕೊನೆಯ ನಾಲ್ಕು ಚಿಹ್ನೆಗಳು 13 2 7 11. ವ್ಯಂಜನ, ಅ, ವ್ಯಂಜನ, ಸ್ವರ. ‘ಗಳು’ ಅಲ್ಲಿ ಸೊಗಸಾಗಿ ಕೂರುತ್ತದೆ. ಹಾಗಾದರೆ 13 ‘ಗ್’, 7 ‘ಳ್’, 11 ‘ಉ’. ಹನ್ನೊಂದು ‘ಉ’ ಆದರೆ ಒಂಬತ್ತು ‘ಉ’ ಆಗಲಾರದು, ಆದ್ದರಿಂದ ‘ಅನ್ನು’ ಬಿದ್ದುಹೋಗಿ ‘ಅಲ್ಲಿ’ ಉಳಿಯಿತು: 8 ‘ಲ್’, 9 ‘ಇ’. ಒಂದು ಪದದ ಊಹೆ ಇನ್ನೊಂದು ಪದದ ಅನುಮಾನವನ್ನು ಪರಿಹರಿಸಿದ ಈ ಕ್ಷಣವನ್ನು ಗಮನಿಸಿ, ಇಡೀ ವಿದ್ಯೆ ಇದರಲ್ಲಿದೆ.

ಈಗ ಮೂರನೆಯ ಪದ: 1, ಅ, ಒಂದು ಅವಳಿ ವ್ಯಂಜನ, ‘ಅಳು’. ‘ಮಕ್ಕಳು’ ಎಂಬುದು ತಟ್ಟನೆ ಹೊಳೆಯುತ್ತದೆ: 1 ‘ಮ್’, 10 ‘ಕ್’. ಐದನೆಯ ಪದ ‘ಮ್’, 12, 5, ‘ಉ’, ‘ಗಳು’ ಎಂದಾಗುತ್ತದೆ. ಮಾತುಗಳು, ಮೇಜುಗಳು, ಮೀನುಗಳು ಮೂರೂ ಹೊಂದುತ್ತವೆ. ಪರೀಕ್ಷೆಗೆ ನಾಲ್ಕನೆಯ ಪದವಿದೆ: 5, 12, 3, ಇ, 5, ‘ಅಲ್ಲಿ’. ‘ಮಾತು’ ಹಾಕಿದರೆ ಅದು ‘ತಾ’ ಎಂದು ಶುರುವಾಗಿ ‘ತಲ್ಲಿ’ ಎಂದು ಮುಗಿಯಬೇಕು, ‘ಮೇಜು’ ಹಾಕಿದರೆ ‘ಜೇ’, ‘ಜಲ್ಲಿ’. ಎರಡರಲ್ಲೂ ಪದ ಹುಟ್ಟುವುದಿಲ್ಲ. ‘ಮೀನು’ ಹಾಕಿದರೆ ‘ನೀ’ ಮತ್ತು ‘ನಲ್ಲಿ’ಗಳ ನಡುವೆ ಇಕಾರವಿರುವ ಒಂದು ಅಕ್ಷರ ಬೇಕಾಗುತ್ತದೆ, ‘ನೀರಿನಲ್ಲಿ’ ತಾನಾಗಿ ಬರುತ್ತದೆ. ಈಗ 3 ‘ರ್’ ಆಯಿತು. ಮೊದಲ ಪದ ‘ಮರ’ ಎಂದು ತೊಡಗುತ್ತದೆ, ಎರಡನೆಯದರಲ್ಲಿ ‘ನ್’, ಒಂದು ಸ್ವರ, ‘ರಳಲ್ಲಿ’ ಇದೆ. ಉಳಿದ 4 ಮತ್ತು 6 ಒಂದೊಂದೇ ಸಲ ಬಂದಿರುವುದರಿಂದ ಅವುಗಳಿಗೆ ಅರ್ಥವೇ ಆಧಾರ: ಮರದ ನೆರಳಲ್ಲಿ ಮಕ್ಕಳು, ನೀರಿನಲ್ಲಿ ಮೀನುಗಳು.

ಪದಗಳ ನಡುವೆ ಜಾಗವನ್ನೇ ಬಿಟ್ಟಿಲ್ಲ. ಈಗೇನು ಮಾಡುವುದು?

ಮತ್ತೆ ಮತ್ತೆ ಬರುವ ಚಿಹ್ನೆಸರಣಿಗಳನ್ನು ಹುಡುಕಿ. ಮೂರು ನಾಲ್ಕು ಚಿಹ್ನೆಗಳ ಒಂದೇ ಸಾಲು ಹಲವು ಕಡೆ ಕಂಡರೆ ಅದು ಪ್ರತ್ಯಯವೋ ಪುನರಾವರ್ತಿತ ಪದವೋ ಆಗಿರುತ್ತದೆ. ಒಗಟಿನ ಶೀರ್ಷಿಕೆ, ವಿಷಯ, ಬರೆದವರ ಹೆಸರು ಇವುಗಳಿಂದ ಒಳಗಿರಬಹುದಾದ ಪದವೊಂದನ್ನು ಊಹಿಸಿ, ಆ ಪದದಲ್ಲಿ ಅಕ್ಷರಗಳು ಮರುಕಳಿಸುವ ವಿನ್ಯಾಸಕ್ಕೆ ಹೊಂದುವ ಜಾಗವನ್ನು ಪಠ್ಯದುದ್ದಕ್ಕೂ ಅರಸುವುದು ಇನ್ನೊಂದು ದಾರಿ. ಅವಳಿಗಳಿರುವ ಪದಗಳು ಇದಕ್ಕೆ ಹೇಳಿ ಮಾಡಿಸಿದಂತಿರುತ್ತವೆ.

ಅರ್ಧ ಬಿಡಿಸಿದ ಮೇಲೆ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು ಅಕ್ಷರವೂ ಮುಂದಕ್ಕೆ ಹೋಗುತ್ತಿಲ್ಲ.

ಹಾಗೆ ನಿಂತುಹೋದಾಗ ಕೊರತೆ ಹೊಸ ಊಹೆಯದಲ್ಲ. ಹಳೆಯ ಊಹೆಯೊಂದು ತಪ್ಪಾಗಿರುವ ಸಂಭವವೇ ಹೆಚ್ಚು. ಮೊದಮೊದಲು ಇಟ್ಟ ಅಕ್ಷರಗಳನ್ನು ನಾವು ಅನುಮಾನಿಸುವುದೇ ಇಲ್ಲ, ಅವು ಸತ್ಯವೆಂದು ಮನಸ್ಸಿನಲ್ಲಿ ಬೇರೂರಿರುತ್ತವೆ. ಪ್ರತಿ ಅಕ್ಷರದ ಎದುರು ಅದನ್ನು ಇಡಲು ಕಾರಣವೇನೆಂದು ಒಂದು ಪದದಲ್ಲಿ ಬರೆದಿಟ್ಟಿದ್ದರೆ ಯಾವುದನ್ನು ಮೊದಲು ಅಳಿಸಬೇಕೆಂಬುದು ತಿಳಿಯುತ್ತದೆ: ಒಂದೇ ಒಂದು ಪದದ ಆಧಾರದ ಮೇಲೆ ನಿಂತದ್ದು ಮೊದಲು ಹೋಗಲಿ. ಅಳಿಸಲು ಮನಸ್ಸು ಬಾರದಿದ್ದರೆ ಶುದ್ಧ ಪ್ರತಿಯೊಂದನ್ನು ತೆಗೆದುಕೊಂಡು ಹೊಸದಾಗಿ ಆರಂಭಿಸುವುದೇ ಲೇಸು.

## ಮುಂದುವರಿದವರಿಗೆ

ಒಂದೇ ಉತ್ತರ ಸಿಗಬೇಕಾದರೆ ಪಠ್ಯ ಎಷ್ಟು ಉದ್ದವಿರಬೇಕು?

ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1949ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಲೆಕ್ಕ ಕೊಟ್ಟಿದ್ದಾರೆ. ಇಂಗ್ಲಿಷಿನ ಸರಳ ಬದಲಿಗೆ ಸುಮಾರು 25ರಿಂದ 30 ಅಕ್ಷರಗಳು ದೊರೆತರೆ ಅರ್ಥವುಳ್ಳ ಓದು ಸಾಮಾನ್ಯವಾಗಿ ಒಂದೇ ಉಳಿಯುತ್ತದೆ. ಅದಕ್ಕಿಂತ ಚಿಕ್ಕದರಲ್ಲಿ ಬೇರೆ ಬೇರೆ ಕೀಲಿಗಳು ಬೇರೆ ಬೇರೆ ಅರ್ಥವುಳ್ಳ ವಾಕ್ಯಗಳನ್ನು ಕೊಡಬಲ್ಲವು. ಆದರೆ ಉತ್ತರ ಒಂದೇ ಇದೆಯೆಂಬುದು ಬೇರೆ, ಅದನ್ನು ಕೈಯಿಂದ ಕಂಡುಹಿಡಿಯುವುದು ಸುಲಭವೆಂಬುದು ಬೇರೆ. ನೂರಕ್ಕೂ ಹೆಚ್ಚು ಅಕ್ಷರಗಳಿದ್ದರೆ ಕೆಲಸ ಹಿತವಾಗಿ ಸಾಗುತ್ತದೆ.

ಇದು ಸರಳ ಬದಲಿ ಹೌದೋ ಅಲ್ಲವೋ ಎಂದು ಬಿಡಿಸುವ ಮೊದಲೇ ತಿಳಿಯಬಹುದೇ?

ಅಮೆರಿಕದ ಗೂಢಲಿಪಿ ತಜ್ಞ ವಿಲಿಯಂ ಫ್ರೀಡ್‌ಮನ್ 1920ರ ದಶಕದಲ್ಲಿ ಕೊಟ್ಟ ಅಳತೆಯೊಂದು ಇದಕ್ಕೆ ನೆರವಾಗುತ್ತದೆ. ಪಠ್ಯದಿಂದ ಕಣ್ಣುಮುಚ್ಚಿ ಎರಡು ಸ್ಥಾನಗಳನ್ನು ಆರಿಸಿದರೆ ಎರಡರಲ್ಲೂ ಒಂದೇ ಚಿಹ್ನೆ ಇರುವ ಸಂಭವವೆಷ್ಟು ಎಂಬುದೇ ಆ ಅಳತೆ. ಪ್ರತಿ ಚಿಹ್ನೆ ಬಂದ ಸಲಗಳನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಉದ್ದವನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿದ ಮೊತ್ತದಿಂದ ಭಾಗಿಸಬೇಕು. ಮೇಲಿನ ಕನ್ನಡ ಉದಾಹರಣೆಗೆ 130ನ್ನು 1,482ರಿಂದ ಭಾಗಿಸಿ ಸುಮಾರು 0.088 ಬರುತ್ತದೆ. ಇಂಗ್ಲಿಷ್ ಬರಹಕ್ಕೆ ಇದು 0.067ರ ಆಸುಪಾಸಿನಲ್ಲಿರುತ್ತದೆ, ಮನಬಂದಂತೆ ಸುರಿದ 26 ಅಕ್ಷರಗಳಿಗೆ 0.038. ವೇಷ ಬದಲಾದರೂ ಈ ಅಂಕಿ ಬದಲಾಗದು. ಆದ್ದರಿಂದ ಅಳತೆ 0.067ರ ಹತ್ತಿರವಿದ್ದರೆ ಸರಳ ಬದಲಿಯೋ ಸ್ಥಾನಪಲ್ಲಟವೋ ಇರಬೇಕು, 0.04ಕ್ಕೆ ಕುಸಿದಿದ್ದರೆ ಒಂದೇ ಅಕ್ಷರಕ್ಕೆ ಹಲವು ವೇಷಗಳನ್ನು ತೊಡಿಸಲಾಗಿದೆ.

ಚಿಹ್ನೆಗಳ ಬಗೆ ಐವತ್ತನ್ನು ಮೀರಿದೆ, ಎಲ್ಲವೂ ಸಮಸಮವಾಗಿ ಬಂದಿವೆ. ಇದೇನು?

ಹೆಚ್ಚು ಬಳಕೆಯ ಅಕ್ಷರಕ್ಕೆ ಐದಾರು ಚಿಹ್ನೆಗಳನ್ನು ಕೊಟ್ಟು, ಅವುಗಳನ್ನು ಅದಲುಬದಲಾಗಿ ಬಳಸಿ ಎಣಿಕೆಯನ್ನು ಮಟ್ಟಮಾಡುವ ಬಹುಚಿಹ್ನಾ ಬದಲಿ ಇದು. 1969ರಲ್ಲಿ ಅಮೆರಿಕದ ಕೊಲೆಗಾರನೊಬ್ಬ ಪತ್ರಿಕೆಗಳಿಗೆ ಕಳುಹಿಸಿದ 408 ಚಿಹ್ನೆಗಳ ಗೂಢಪಠ್ಯ ಇಂಥದು. ಅದರಲ್ಲಿ 54 ಬಗೆಯ ಚಿಹ್ನೆಗಳಿದ್ದವು. ಡೊನಾಲ್ಡ್ ಮತ್ತು ಬೆಟ್ಟಿ ಹಾರ್ಡನ್ ದಂಪತಿ ಅದನ್ನು ಕೆಲವೇ ದಿನಗಳಲ್ಲಿ ಬಿಡಿಸಿದರು. ಬರೆದವನು ಅಹಂಕಾರಿಯಾದ್ದರಿಂದ ‘ನಾನು’ ಎಂದೇ ಶುರುಮಾಡಿರುತ್ತಾನೆ, ಕೊಲ್ಲುವ ಮಾತು ಒಳಗೆ ಇದ್ದೇ ಇರುತ್ತದೆ ಎಂಬ ಊಹೆ ಅವರ ಕೈಹಿಡಿಯಿತು. ಅವನದೇ 340 ಚಿಹ್ನೆಗಳ ಎರಡನೆಯ ಪಠ್ಯದಲ್ಲಿ ಬದಲಿಯ ಜೊತೆಗೆ ಸ್ಥಾನಪಲ್ಲಟವೂ ಸೇರಿದ್ದರಿಂದ ಅದು 2020ರ ಡಿಸೆಂಬರಿನವರೆಗೆ ಯಾರಿಗೂ ಬಗ್ಗಲಿಲ್ಲ.

ಇನ್ನೊಂದು ಪಾಠ ಜರ್ಮನಿಯ 18ನೆಯ ಶತಮಾನದ ಕೊಪಿಯಾಲೆ ಹಸ್ತಪ್ರತಿಯಿಂದ ಸಿಗುತ್ತದೆ. 105 ಪುಟಗಳ, ಸುಮಾರು 75,000 ಚಿಹ್ನೆಗಳ ಆ ಪಠ್ಯದಲ್ಲಿ ವಿಚಿತ್ರ ಚಿಹ್ನೆಗಳ ನಡುವೆ ಸಾಮಾನ್ಯ ರೋಮನ್ ಅಕ್ಷರಗಳೂ ಇದ್ದವು, ಗುಟ್ಟು ಅವುಗಳಲ್ಲೇ ಇದೆಯೆಂದು ತೋರುತ್ತಿತ್ತು. 2011ರಲ್ಲಿ ಕಂಪ್ಯೂಟರ್ ವಿಜ್ಞಾನಿ ಕೆವಿನ್ ನೈಟ್ ಮತ್ತು ಸಂಗಡಿಗರು ಅದನ್ನು ಓದಿದಾಗ, ಆ ರೋಮನ್ ಅಕ್ಷರಗಳು ಬರೀ ಪದಗಳ ನಡುವಿನ ಜಾಗವೆಂದೂ ಮಾತೆಲ್ಲ ವಿಚಿತ್ರ ಚಿಹ್ನೆಗಳಲ್ಲಿದೆಯೆಂದೂ ಗೊತ್ತಾಯಿತು.

ಕಂಪ್ಯೂಟರ್ ಇದನ್ನು ಹೇಗೆ ಬಿಡಿಸುತ್ತದೆ?

ಯಾವುದೋ ಒಂದು ಕೀಲಿಯಿಂದ ಆರಂಭಿಸಿ, ಅದರಲ್ಲಿ ಎರಡು ಅಕ್ಷರಗಳನ್ನು ಅದಲುಬದಲು ಮಾಡಿ, ಹೊರಬಂದ ಪಠ್ಯ ಭಾಷೆಗೆ ಮೊದಲಿಗಿಂತ ಹತ್ತಿರವಾಯಿತೇ ಎಂದು ಅಂಕ ಹಾಕುತ್ತದೆ. ಹತ್ತಿರವಾದರೆ ಬದಲಾವಣೆಯನ್ನು ಉಳಿಸಿಕೊಳ್ಳುತ್ತದೆ, ಇಲ್ಲವಾದರೆ ಕೈಬಿಡುತ್ತದೆ. ನಾಲ್ಕು ನಾಲ್ಕು ಅಕ್ಷರಗಳ ಸರಣಿ ನಿಜವಾದ ಬರಹದಲ್ಲಿ ಎಷ್ಟು ಸಲ ಬರುತ್ತದೆಂಬ ಪಟ್ಟಿಯಿಂದ ಆ ಅಂಕ ಸಿಗುತ್ತದೆ. ದಾರಿ ಮುಚ್ಚಿದರೆ ಬೇರೊಂದು ಕೀಲಿಯಿಂದ ಮತ್ತೆ ಹೊರಡುತ್ತದೆ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇಟಲಿಗೆ ಸಂಬಂಧಿಸಿದವೆಂದು ಪಟ್ಟಿಯಾಗಿದ್ದ ಐವತ್ತಕ್ಕೂ ಹೆಚ್ಚು ಪತ್ರಗಳು ರಾಣಿ ಮೇರಿ ಫ್ರೆಂಚಿನಲ್ಲಿ ಬರೆದವೆಂದು 2023ರಲ್ಲಿ ಬೆಳಕಿಗೆ ತಂದ ಜಾರ್ಜ್ ಲಾಸ್ರಿ, ನಾರ್ಬರ್ಟ್ ಬೀರ್ಮನ್, ಸತೋಶಿ ತೊಮೊಕಿಯೊ ಅವರೂ ಯಂತ್ರದ ಹುಡುಕಾಟಕ್ಕೆ ಕೈಕೆಲಸವನ್ನು ಜೋಡಿಸಿದ್ದರು.

ನನ್ನ ಉತ್ತರ ಸರಿಯೆಂದು ಹೇಗೆ ಖಚಿತಪಡಿಸಿಕೊಳ್ಳಲಿ?

ಕೀಲಿಯನ್ನು ಮಾತ್ರ ಬೇರೊಬ್ಬರ ಕೈಗೆ ಕೊಡಿ. ನಿಮ್ಮ ವಿವರಣೆ ಕೇಳದೆಯೇ ಅವರು ಗೂಢಪಠ್ಯದಿಂದ ಅದೇ ವಾಕ್ಯಕ್ಕೆ ಬಂದು ಮುಟ್ಟಬೇಕು. ಈ ಚಿಹ್ನೆ ಇಲ್ಲಿ ಮಾತ್ರ ಬೇರೆ ಅಕ್ಷರ, ಈ ಪದದಲ್ಲಿ ಕಾಗುಣಿತ ತಪ್ಪಿದೆ, ಇದು ಹ್ರಸ್ವರೂಪ ಎಂಬ ವಿನಾಯಿತಿಗಳು ಒಂದೆರಡಿದ್ದರೆ ಕ್ಷಮಿಸಬಹುದು, ಏಕೆಂದರೆ ಬರೆದವರೂ ತಪ್ಪು ಮಾಡುತ್ತಾರೆ. ಸಾಲಿಗೊಂದು ವಿನಾಯಿತಿ ಬೇಕಾದರೆ ಆ ವಾಕ್ಯ ಗೂಢಪಠ್ಯದಿಂದ ಬಂದದ್ದಲ್ಲ, ಬಿಡಿಸಿದವರ ಮನಸ್ಸಿನಿಂದ ಬಂದದ್ದು. ಸಂಗೀತಗಾರ ಎಡ್ವರ್ಡ್ ಎಲ್ಗರ್ 1897ರಲ್ಲಿ ಡೋರಾ ಪೆನ್ನಿಗೆ ಕಳುಹಿಸಿದ 87 ಚಿಹ್ನೆಗಳ ಪತ್ರಕ್ಕೆ ಹಲವರು ಉತ್ತರ ಸೂಚಿಸಿದ್ದರೂ ಎಲ್ಲರೂ ಒಪ್ಪಿದ ಓದು ಇನ್ನೂ ಇಲ್ಲ. ಉದ್ದವನ್ನಷ್ಟೇ ನೋಡಿದರೆ ಅದು ಸರಳ ಬದಲಿಗೆ ಸಾಕಾಗುವಂತಿದೆ. ಆದ್ದರಿಂದ ಹೊಸ ಉತ್ತರವೊಂದು ಕಣ್ಣಿಗೆ ಬಿದ್ದಾಗಲೆಲ್ಲ ನಾನು ವಾಕ್ಯವನ್ನು ಬದಿಗಿಟ್ಟು ಮೊದಲು ಕೀಲಿಯನ್ನು ನೋಡುತ್ತೇನೆ, ಬಳಿಕ ವಿನಾಯಿತಿಗಳನ್ನು ಎಣಿಸುತ್ತೇನೆ.